ಎರಡು ಬಾರಿ ಹಿಡಿದುಕೊಂಡ ಆರ್‌ಎಕ್ಸ್ 100: ಒಂದು ಪ್ರಕರಣ ಅಧ್ಯಯನ

1991ರ ಯಮಾಹಾ ಆರ್‌ಎಕ್ಸ್ 100. ಮಂಡ್ಯದ ಒಂದು ಮನೆಯ ಗಾಡಿ. ಕೆಲವೇ ತಿಂಗಳ ಅಂತರದಲ್ಲಿ ಎರಡು ಬಾರಿ ಎಂಜಿನ್ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು ನಿಂತಿತು. ಮೊದಲ ಸಲ ಬೋರ್ ಮಾಡಿಸಿ (ಸಿಲಿಂಡರಿನ ಒಳಮೈ ಕೊರೆಸಿ), ಹೊಸ ಪಿಸ್ಟನ್ ಹಾಕಿಸಿ, ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಹೋಗುವ 2ಟಿ ಆಯಿಲ್ ಹೆಚ್ಚಿಸಿ ಓಡಿಸಿದರು. ಮತ್ತೆ ಹಿಡಿದುಕೊಂಡಿತು. ಎರಡನೇ ಸಲ ಗಾಡಿ ಬಿಚ್ಚುವ ಮೊದಲೇ ನನ್ನ ಬಳಿಗೆ ಬಂತು. ಕಾರಣ ಕೈಗೆ ಸಿಕ್ಕಿದ್ದು ಅದರಿಂದಲೇ. ಹಳೆಯ ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡವರಿಗೆಲ್ಲ ಇದು ಉಪಯೋಗಕ್ಕೆ ಬರುತ್ತದೆ ಅನ್ನಿಸಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಗಾಡಿಯ ಬಗ್ಗೆ ಮೊದಲು ಎರಡು ಮಾತು. ಆರ್‌ಎಕ್ಸ್ 100 ನಮ್ಮ ದೇಶದ ರಸ್ತೆಗೆ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಎಂಜಿನ್ 98 ಸಿಸಿ. ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿಲಿಮೀಟರ್; ಸ್ಟ್ರೋಕು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಅದೂ 50 ಮಿಲಿಮೀಟರ್. 7,500 ಆರ್‌ಪಿಎಂನಲ್ಲಿ ಸುಮಾರು 11 ಕುದುರೆ ಶಕ್ತಿ, ನಾಲ್ಕು ಗೇರು, ತೂಕ ನೂರು ಕಿಲೋ ಆಸುಪಾಸು. ಕಾಗದದ ಮೇಲೆ ಇದು ಚಿಕ್ಕ ಗಾಡಿ. ಓಡಿಸಿದವರಿಗೆ ಗೊತ್ತು, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದಾಗ ಅದು ಹೇಗೆ ಎದ್ದು ಹೋಗುತ್ತದೆ ಅಂತ. ಶಕ್ತಿಗಿಂತ ತೂಕದ ಲೆಕ್ಕ ಮುಖ್ಯ ಅನ್ನುವುದನ್ನು ನಮ್ಮ ತಲೆಮಾರಿಗೆ ಕಲಿಸಿದ್ದೇ ಈ ಗಾಡಿ.

ಮೈಸೂರಿನಲ್ಲಿ ಟೂ ಸ್ಟ್ರೋಕ್ ಎಂಜಿನ್ ಬಗ್ಗೆ ಬೇರೆ ಊರಿಗಿಂತ ಹೆಚ್ಚು ತಿಳಿವಳಿಕೆ ಇರುವುದಕ್ಕೆ ಕಾರಣವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇಲ್ಲೇ ಜಾವಾ, ಯೆಜ್ಡಿ ಗಾಡಿಗಳನ್ನು ಮಾಡಿತು. ಅಲ್ಲಿ ಕೆಲಸ ಕಲಿತವರು, ಅವರ ಕೈಕೆಳಗೆ ಪಳಗಿದವರು ಇಂದಿಗೂ ಊರಿನ ಲೇತ್ ಅಂಗಡಿಗಳಲ್ಲಿ ಸಿಗುತ್ತಾರೆ. ಈ ಪ್ರಕರಣದಲ್ಲೂ ಅಂಥ ಒಬ್ಬ ಹಿರಿಯರಿದ್ದಾರೆ.

ಈ ಗಾಡಿಯನ್ನು ಈಗ ಓಡಿಸುವವನು ಮಂಡ್ಯದ ಒಬ್ಬ ಹುಡುಗ, ಗಾಡಿ ಅವನ ಸೋದರಮಾವನದು. ಅವರು ಅದನ್ನು ಎರಡು ಸಲ ಬೋರ್ ಮಾಡಿಸಿ ಓಡಿಸಿ, ಆಮೇಲೆ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದಿಸಿ ವರ್ಷಗಟ್ಟಲೆ ನಿಲ್ಲಿಸಿಬಿಟ್ಟಿದ್ದರು. ಹುಡುಗ ಮೈಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ದಿನವೂ ರೈಲಿನಲ್ಲಿ ಓಡಾಡುತ್ತಾನೆ. ಭಾನುವಾರಕ್ಕೊಂದು ಗಾಡಿ ಬೇಕು ಅಂತ ಮಾವನನ್ನು ಕೇಳಿ ತಂದ. ಟ್ಯಾಂಕ್ ತೊಳೆಸಿ, ಟಯರ್, ಕೇಬಲ್, ಬ್ರೇಕ್ ಶೂ ಎಲ್ಲ ಹೊಸದು ಹಾಕಿಸಿದ. ಪೇಂಟ್ ಮುಟ್ಟಲಿಲ್ಲ, ಸೈಲೆನ್ಸರ್ ಬದಲಾಯಿಸಲಿಲ್ಲ. ಅವನ ಈ ಸಂಯಮ ನನಗೆ ತುಂಬಾ ಹಿಡಿಸಿತು. ಆರ್‌ಎಕ್ಸ್ ಕೈಗೆ ಬಂದ ಕೂಡಲೇ ಸೈಲೆನ್ಸರ್ ಕೊರೆಸುವವರೇ ಹೆಚ್ಚು. ಮೂಲ ಸೈಲೆನ್ಸರ್, ಮೂಲ ಏರ್ ಫಿಲ್ಟರ್ ಇದ್ದದ್ದರಿಂದ ಆಮೇಲೆ ಕಾರಣ ಹುಡುಕುವಾಗ ಎರಡು ದೊಡ್ಡ ಸಂಶಯಗಳು ಮೊದಲೇ ಕಳಚಿದವು.

ಮೊದಲ ಸಲ ಹಿಡಿದುಕೊಂಡದ್ದು ಮಂಡ್ಯದಿಂದ ಶ್ರೀರಂಗಪಟ್ಟಣದ ಕಡೆ ಬರುವಾಗ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶವಿಲ್ಲ, ಹಾಗಾಗಿ ಸರ್ವಿಸ್ ರಸ್ತೆಯೇ ಗತಿ. ಬೆಳಗಿನ ಹೊತ್ತು ರಸ್ತೆ ಖಾಲಿ ಇತ್ತು. ಎಪ್ಪತ್ತರ ಮೇಲೆ ಒಂದೇ ಸಮನೆ ಬಂದವನು ಊರು ಹತ್ತಿರವಾಯಿತೆಂದು ಆಕ್ಸಿಲರೇಟರ್ ಬಿಟ್ಟ. ಆ ಕ್ಷಣಕ್ಕೆ ಹಿಂದಿನ ಚಕ್ರ ಲಾಕ್ ಆಯಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಟೂ ಸ್ಟ್ರೋಕ್ ಓಡಿಸುವವರು ಎರಡು ಬೆರಳನ್ನು ಸದಾ ಕ್ಲಚ್ ಮೇಲೆ ಇಡಬೇಕು ಅಂತ ಹಳಬರು ಹೇಳುವುದು ಇದಕ್ಕೇ. ಮಾವ ಅದೊಂದನ್ನು ಸರಿಯಾಗಿ ಕಲಿಸಿದ್ದರು.

ಆಗ ನೋಡಿದ ಮೆಕ್ಯಾನಿಕ್ ಹೇಳಿದ್ದು, ಆಯಿಲ್ ಸಾಲದೆ ಹಿಡಿದಿದೆ ಎಂದು. ಆರ್‌ಎಕ್ಸ್‌ನಲ್ಲಿ 2ಟಿ ಆಯಿಲ್‌ಗೆ ಬೇರೆ ಟ್ಯಾಂಕು, ಬೇರೆ ಪಂಪು ಇದೆ. ಎಂಜಿನ್ ತಿರುಗಿದಂತೆಲ್ಲ, ಆಕ್ಸಿಲರೇಟರ್ ಎಳೆದಂತೆಲ್ಲ ಪಂಪು ಎಣ್ಣೆ ಬಿಡುತ್ತದೆ. ಆ ಪಂಪನ್ನು ನಂಬದವರು ನಮ್ಮಲ್ಲಿ ಬಹಳ. ಪಂಪು ಇರಲಿ, ಪೆಟ್ರೋಲಿಗೂ ಲೀಟರಿಗೆ 30 ಮಿಲಿ ಆಯಿಲ್ ಬೆರೆಸು ಅಂದರು. ಬೆರೆಸಿದ. ಗಾಡಿ ಹೊಗೆ ಉಗುಳತೊಡಗಿತು, ಪ್ಲಗ್ ಕಪ್ಪಾಗತೊಡಗಿತು. ಹೊಗೆ ಕಡಿಮೆ ಮಾಡಲು, ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬೋರೇಟರಿನ ನೀಡಲ್ ಕ್ಲಿಪ್ಪನ್ನು ಇದ್ದ ಜಾಗದಿಂದ ಒಂದು ಗೀರು ಮೇಲಕ್ಕೆ ಹಾಕಿದರು. ಹಾಗೆ ಹಾಕಿದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ಹರಿಯುವುದು ತಗ್ಗುತ್ತದೆ. ಹೊಗೆ ಕಮ್ಮಿಯಾಯಿತು. ಮುಂದಿನ ಸೀಜ್‌ಗೆ ಹಾದಿಯೂ ಆಯಿತು.

ಬೋರ್ ಮಾಡಿಕೊಟ್ಟದ್ದು ಮೈಸೂರಿನ ಆ ಹಿರಿಯರು. ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಆಗಲೇ 50.50 ಮಿಲಿಮೀಟರಿನಲ್ಲಿತ್ತು. ಕೊರೆದು 50.75 ಮಾಡಿದರು. ಕೊಡುವಾಗ ಒಂದು ಮಾತು ಹೇಳಿದರಂತೆ: "ಮಗಾ, ಇನ್ನು ಒಂದೇ ಬೋರ್ ಇರೋದು ಇದಕ್ಕೆ. ಮತ್ತೆ ಹಿಡ್ಕೊಂಡ್ರೆ ಬಿಚ್ಚೋಕ್ ಹೋಗ್ಬೇಡ. ಯಾಕ್ ಹಿಡ್ಕೊಳ್ತು ಅಂತ ಮೊದಲು ನೋಡ್ಸು."

ಈ ಲೆಕ್ಕ ಗೊತ್ತಿಲ್ಲದವರಿಗಾಗಿ: 50 ಮಿಲಿಮೀಟರಿನ ಬೋರನ್ನು ಕಾಲು ಕಾಲು ಮಿಲಿಮೀಟರಿನಂತೆ 50.25, 50.50, 50.75, 51.00ರವರೆಗೆ ಹಿಗ್ಗಿಸಬಹುದು, ಅಷ್ಟಕ್ಕೂ ಓವರ್‌ಸೈಜ್ ಪಿಸ್ಟನ್ ಬರುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ಬ್ಲಾಕಿಗೆ ಹೊಸ ಸ್ಲೀವ್ (ಒಳಗಿನ ಕಬ್ಬಿಣದ ಕೊಳವೆ) ಹೊಡೆಸಬೇಕು, ಇಲ್ಲವೇ ಬೇರೆ ಬ್ಲಾಕ್ ಹುಡುಕಬೇಕು. ಮೂಲದ ಬ್ಲಾಕ್ ಇಂದು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿದ್ದು ಮೂಲದ್ದೇ ಅನ್ನುವ ಖಾತ್ರಿಯೂ ಇಲ್ಲ. ಮೂವತ್ತು ವರ್ಷದ ಗಾಡಿಯಲ್ಲಿ ಒಂದು ಬೋರ್ ಅಂದರೆ ಹಣ ಕೊಟ್ಟು ಮರಳಿ ಪಡೆಯಲಾಗದ ಆಸ್ತಿ. ಕಾರಣ ತಿಳಿಯದೆ ಅದನ್ನು ಖರ್ಚು ಮಾಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಎರಡನೇ ಸಲ ತೂಬಿನಕೆರೆ ದಾಟುವಾಗ ಹಿಡಿದುಕೊಂಡಿತು. ಸ್ವಲ್ಪ ಹೊತ್ತು ಆರಲು ಬಿಟ್ಟು ಕಿಕ್ ಹೊಡೆದರೆ ಬಿಟ್ಟುಕೊಂಡಿತು. ಆದರೆ ಕಂಪ್ರೆಶನ್ ಸೊರಗಿತ್ತು. ಹುಡುಗ ಹಿರಿಯರ ಮಾತು ನೆನಪಿಟ್ಟುಕೊಂಡಿದ್ದ. ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಅವರ ಅಂಗಡಿಗೆ ಬಂದ, ಅವರು ನನ್ನ ಶೆಡ್ಡಿಗೆ ಕಳಿಸಿದರು.

"ಎಣ್ಣೆ ಜಾಸ್ತಿನೇ ಹಾಕ್ತಾ ಇವ್ನಿ ಕಣಣ್ಣ, ಆದ್ರೂ ಹಿಡ್ಕಂಡ್‌ಬುಡ್ತು. ಇನ್ನೆಷ್ಟು ಹಾಕದು?" ಅಂದ.

ಆಯಿಲ್ ಬಗ್ಗೆ ನಾನು ಏನೂ ಹೇಳಲಿಲ್ಲ. ಕೇಳಿದ್ದು ಬೇರೆ: ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಹೇಗಿರುತ್ತದೆ? ಅವನು ಸ್ವಲ್ಪ ಯೋಚಿಸಿ ಹೇಳಿದ: "ಬಿಸಿ ಆದ್ಮೇಲೆ ರೈಸ್ ಇಳಿಯಕ್ಕಿಲ್ಲ ಅಣ್ಣ. ಆಕ್ಸಿಲೇಟ್ರು ಬಿಟ್ರೂ ಸ್ವಲ್ಪ ಹೊತ್ತು ಹಂಗೇ ಕೂಗ್ತಾ ಇರ್ತದೆ. ಸ್ಕ್ರೂ ಬಿಚ್ಚಿ ಬಿಚ್ಚಿ ಕಮ್ಮಿ ಮಾಡಿವ್ನಿ."

ಈ ಮಾತೇ ಪ್ರಕರಣದ ಬೀಗದ ಕೈ. ಆಕ್ಸಿಲರೇಟರ್ ಮುಚ್ಚಿದ ಮೇಲೂ ಎಂಜಿನ್ ಕೂಗುತ್ತಿದೆ ಅಂದರೆ ಕಾರ್ಬೋರೇಟರ್ ಬಿಟ್ಟು ಬೇರೆಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಕೇಬಲ್ ಸಿಕ್ಕಿಕೊಂಡಿದ್ದರೂ ಹೀಗಾಗಬಹುದು, ಆದರೆ ಇವನ ಕೇಬಲ್ ಹೊಸದು, ಸಲೀಸಾಗಿ ಹಿಂದಿರುಗುತ್ತಿತ್ತು.

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಇರುವ ಕೋಣೆಗೆ ಗಾಳಿ, ಪೆಟ್ರೋಲಿನ ಸಂಬಂಧವಿಲ್ಲ. ಟೂ ಸ್ಟ್ರೋಕ್‌ನಲ್ಲಿ ಆ ಕೋಣೆಯೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕಾರ್ಬೋರೇಟರಿನಿಂದ ಮಿಶ್ರಣ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಮೇಲಕ್ಕೆ ತಳ್ಳುತ್ತದೆ. 7,500 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 125 ಸಲ. ಆ ಕೋಣೆಯ ಎರಡು ತುದಿಯಲ್ಲಿ ಕ್ರ್ಯಾಂಕ್ ಹೊರಬರುವ ಜಾಗದಲ್ಲಿ ಎರಡು ರಬ್ಬರ್ ಸೀಲುಗಳಿವೆ: ಎಡಕ್ಕೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆ ಒಂದು, ಬಲಕ್ಕೆ ಕ್ಲಚ್ ಕಡೆ ಒಂದು. ಬಲಗಡೆಯದು ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ, ಬಿಳಿ ಹೊಗೆ ಬರುತ್ತದೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಇಳಿಯುತ್ತದೆ, ಹೇಗೂ ಗೊತ್ತಾಗುತ್ತದೆ. ಎಡಗಡೆಯದು ಹೋದರೆ ಒಳಗೆ ಹೋಗುವುದು ಬರೀ ಗಾಳಿ. ಹೊಗೆಯಿಲ್ಲ, ಸೋರಿಕೆಯಿಲ್ಲ, ನೆಲದ ಮೇಲೆ ಕಲೆಯಿಲ್ಲ. ತೂತಾದ ಸ್ಟ್ರಾದಲ್ಲಿ ಎಳನೀರು ಎಳೆದಂತೆ, ಎಂಜಿನ್ ಎಷ್ಟು ಎಳೆದರೂ ಪೆಟ್ರೋಲ್ ಬರಬೇಕಾದಷ್ಟು ಬರುವುದಿಲ್ಲ. ಪೆಟ್ರೋಲ್ ಕಮ್ಮಿಯಾದ ಮಿಶ್ರಣದಲ್ಲಿ ಪಿಸ್ಟನ್ ವಿಪರೀತ ಬಿಸಿಯಾಗುತ್ತದೆ, ಅಲ್ಯುಮಿನಿಯಂ ಹಿಗ್ಗುತ್ತದೆ, ಮಿಲಿಮೀಟರಿನ ನೂರರಲ್ಲಿ ಮೂರ್ನಾಲ್ಕು ಪಾಲಿನಷ್ಟಿರುವ ಸಂದು ಮುಚ್ಚಿಹೋಗುತ್ತದೆ.

ಬಿಚ್ಚದೆ ನೋಡಿದ್ದು

ಮೊದಲು ಸೈಲೆನ್ಸರ್ ಬೆಂಡ್ ಕಳಚಿ, ಎಕ್ಸಾಸ್ಟ್ ಕಿಂಡಿಯೊಳಗೆ ಟಾರ್ಚ್ ಬಿಟ್ಟು, ಕಿಕ್ಕನ್ನು ಕೈಯಲ್ಲಿ ಮೆಲ್ಲಗೆ ಒತ್ತುತ್ತಾ ಪಿಸ್ಟನ್ ನೋಡಿದೆವು. ಎಕ್ಸಾಸ್ಟ್ ಕಡೆಯ ಮೈಮೇಲೆ ಉದ್ದುದ್ದ ಗೀರುಗಳು. ಸೀಜ್ ಆದ ಪಿಸ್ಟನ್ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಗೀರು ಎಲ್ಲಿದೆ ಎಂದು ನೋಡಬೇಕು ಅಷ್ಟೇ. ಸುತ್ತಲೂ ನಾಲ್ಕು ಮೂಲೆಯಲ್ಲಿ ಗೀರಿದ್ದರೆ ಬೋರಿನ ಸಂದು ಬಿಗಿಯಾಗಿದೆ, ಅಥವಾ ಎಂಜಿನ್ ಬಿಸಿಯಾಗುವ ಮೊದಲೇ ಜೋರಾಗಿ ಎಳೆದಿದ್ದಾರೆ. ಕಾರ್ಬೋರೇಟರ್ ಕಡೆಯ ಮೈ ಕೆರೆದಿದ್ದರೆ ಎಣ್ಣೆಯ ಕೊರತೆಯನ್ನು ಅನುಮಾನಿಸಬೇಕು. ಅತಿ ಹೆಚ್ಚು ಬಿಸಿ ತಾಗುವ ಎಕ್ಸಾಸ್ಟ್ ಕಡೆಯಲ್ಲಿ ಮಾತ್ರ ಇದ್ದರೆ ತಾಪ ಹೆಚ್ಚಿದೆ, ಮಿಶ್ರಣ ತೆಳುವಾಗಿದೆ ಎಂದು ಅರ್ಥ. ಇಲ್ಲಿ ಬೇರೆ ಕಾರಣದ ಕಡೆ ಬೆರಳು ತೋರಿಸುವ ಗುರುತು ಕಾಣಲಿಲ್ಲ. ಬ್ಲಾಕ್ ಬಿಚ್ಚಿದ ಮೇಲೆ ಅದು ಖಚಿತವೂ ಆಯಿತು.

ಆಯಿಲ್ ಪಂಪನ್ನೂ ಪರೀಕ್ಷಿಸಿದೆವು, ಅನುಮಾನ ಉಳಿಯಬಾರದಲ್ಲ. ಪಂಪಿನ ಪುಲ್ಲಿಯ ಗುರುತು ಸರಿಯಾದ ಜಾಗದಲ್ಲಿತ್ತು, ಪೈಪಿನಲ್ಲಿ ಗಾಳಿಗುಳ್ಳೆ ಇರಲಿಲ್ಲ, ಎಣ್ಣೆ ತೊಟ್ಟಿಕ್ಕುತ್ತಿತ್ತು. ಕಾರ್ಬೋರೇಟರ್ ಕೂರುವ ರಬ್ಬರ್ ಮಡಿಸಿ ನೋಡಿದರೂ ಬಿರುಕಿಲ್ಲ.

ಆಮೇಲೆ ಪ್ರೆಶರ್ ಟೆಸ್ಟ್. ಇದನ್ನು ಪ್ರತಿ ಟೂ ಸ್ಟ್ರೋಕ್ ಮೆಕ್ಯಾನಿಕ್ಕೂ ಮಾಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ, ಏಕೆಂದರೆ ಇದಕ್ಕೆ ಬೇಕಾದ ಸಾಮಾನು ಏನೂ ದುಬಾರಿಯಲ್ಲ. ಎಕ್ಸಾಸ್ಟ್ ಕಿಂಡಿಗೆ ಹಳೇ ಟ್ಯೂಬಿನ ರಬ್ಬರ್ ಮತ್ತು ಒಂದು ತಗಡು ಬಿಗಿದೆವು. ಕಾರ್ಬೋರೇಟರ್ ಜಾಗಕ್ಕೆ ಒಂದು ಬಿರಡೆ, ಅದರಲ್ಲಿ ಒಂದು ಸಣ್ಣ ಕೊಳವೆ. ಪ್ಲಗ್ ಅಲ್ಲೇ ಇರಬೇಕು, ಪಿಸ್ಟನ್ ಕೆಳಗಿರಬೇಕು. ಕೊಳವೆಗೆ ಬಿಪಿ ನೋಡುವ ಉಪಕರಣದ ಬಲ್ಬು ಮತ್ತು ಗೇಜ್. ಅದರ 300ರ ಅಂಕಿ ಅಂದರೆ ಸುಮಾರು 5.8 ಪಿಎಸ್‌ಐ, ಈ ಪರೀಕ್ಷೆಗೆ ಬೇಕಾದದ್ದೂ 6ರ ಆಸುಪಾಸಿನ ಒತ್ತಡವೇ. ಅದಕ್ಕಿಂತ ಹೆಚ್ಚು ಕೊಟ್ಟರೆ ಒಳ್ಳೆಯ ಸೀಲೂ ಕಿತ್ತು ಬರಬಹುದು. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಮುಳ್ಳು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿಯಬಾರದು.

ಇದರಲ್ಲಿ ಮುಳ್ಳು ನಿಲ್ಲಲೇ ಇಲ್ಲ. ಕೈ ಒತ್ತುವುದು ನಿಲ್ಲಿಸಿದ ಕೂಡಲೇ ಸೊನ್ನೆಗೆ ಬಂತು.

ನಾವೇ ಹಾಕಿದ ಬಿರಡೆಗಳಿಗೆ ಸೋಪಿನ ನೀರು ಸವರಿದೆವು, ಗುಳ್ಳೆಯಿಲ್ಲ. ಹೆಡ್ಡಿನ ಸುತ್ತ ಇಲ್ಲ. ಬ್ಲಾಕಿನ ಬುಡದ ಗ್ಯಾಸ್ಕೆಟ್ಟಿನಲ್ಲೂ ಇಲ್ಲ. ಗೇರ್ ಆಯಿಲ್ ಹಾಕುವ ತೂತಿಗೆ ಸೋಪಿನ ಪೊರೆ ಹಿಡಿದರೆ ಅದು ಉಬ್ಬಲಿಲ್ಲ. ಅಂದರೆ ಬಲಗಡೆಯ ಸೀಲ್ ಗಟ್ಟಿ. ಕೊನೆಗೆ ಎಡಗಡೆಯ ಕವರ್ ಬಿಚ್ಚಿ, ಪುಲ್ಲರ್ ಹಾಕಿ ಮ್ಯಾಗ್ನೆಟ್ ತೆಗೆದು, ಕ್ರ್ಯಾಂಕಿನ ಸುತ್ತ ಸೋಪಿನ ನೀರು ಬಿಟ್ಟು ಬಲ್ಬ್ ಒತ್ತಿದೆವು. ಬುಸ್ಸನೆ ನೊರೆ ಎದ್ದಿತು. "ಅಣ್ಣ, ಇಲ್ಲೇ ಅಣ್ಣ!" ಅಂತ ಹುಡುಗ ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು.

ಸೀಲ್ ಕಿತ್ತು ನೋಡಿದರೆ ರಬ್ಬರಿನ ತುಟಿ ಪ್ಲಾಸ್ಟಿಕ್ಕಿನಂತೆ ಬಿರುಸಾಗಿತ್ತು. ಬೇರಿಂಗ್ ಹೋಗಿ ಕ್ರ್ಯಾಂಕ್ ಅಲುಗಾಡುತ್ತಿದ್ದರೆ ಎಂಥ ಹೊಸ ಸೀಲೂ ಬಾಳುವುದಿಲ್ಲ, ಅದಕ್ಕೇ ಡಯಲ್ ಗೇಜ್ ಇಟ್ಟು ಅದನ್ನೂ ನೋಡಿದೆವು. ಬೇರಿಂಗ್ ಚೆನ್ನಾಗಿತ್ತು. ಹಾಳು ಮಾಡಿದ್ದು ಓಡಾಟವಲ್ಲ, ನಿಲುಗಡೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ತುಟಿಗೆ ಎಣ್ಣೆಯ ಪಸೆ ಸಿಗದೆ ಒಣಗುತ್ತದೆ. ಟಯರ್ ಬಿರುಕು ಬಿಟ್ಟದ್ದು ಕಣ್ಣಿಗೆ ಕಾಣುತ್ತದೆ, ಬದಲಾಯಿಸುತ್ತೇವೆ. ಇದು ಕಾಣುವುದಿಲ್ಲ.

ಮದ್ದೇ ರೋಗ ಹೆಚ್ಚಿಸಿದ್ದು

ಸೀಲ್ ಮೊದಲ ಕಾರಣ. ಆದರೆ ಎರಡನೇ ಸೀಜ್ ಇಷ್ಟು ಬೇಗ ಆಗಲು ಮಾಡಿದ ಚಿಕಿತ್ಸೆಯೂ ಸೇರಿಕೊಂಡಿತು. ಪೆಟ್ರೋಲಿಗೆ ಆಯಿಲ್ ಬೆರೆಸಿದರೆ ಎಂಜಿನ್‌ಗೆ ಒಳ್ಳೆಯದೇ ಅಂತ ನಮ್ಮಲ್ಲಿ ಗಟ್ಟಿ ನಂಬಿಕೆ. ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಒಂದೇ ಅಳತೆಯದು. ಅದರಲ್ಲಿ ಹರಿಯುವ ದ್ರವದಲ್ಲಿ ಎಣ್ಣೆ ಹೆಚ್ಚಿದಷ್ಟೂ ಪೆಟ್ರೋಲ್ ಕಮ್ಮಿ. ಲೀಟರಿಗೆ 30 ಮಿಲಿ ಬೆರೆಸಿದರೆ ಸುಮಾರು ನೂರಕ್ಕೆ ಮೂರು ಪಾಲು ಪೆಟ್ರೋಲ್ ಕಳೆದುಕೊಂಡ ಹಾಗೆ. ಪಂಪು ಕೆಟ್ಟಿದ್ದರೆ ಅಥವಾ ಪಂಪನ್ನೇ ತೆಗೆದಿದ್ದರೆ ಬೆರೆಸಲೇಬೇಕು, ಜೆಟ್ಟನ್ನೂ ಅದಕ್ಕೆ ಹೊಂದಿಸಬೇಕು. ಪಂಪು ಸರಿಯಿದ್ದಾಗ ಬೆರೆಸಿದ್ದು ಮಿಶ್ರಣವನ್ನು ಇನ್ನಷ್ಟು ತೆಳು ಮಾಡಿತು. ಹೊಗೆಗಾಗಿ ನೀಡಲ್ ಇಳಿಸಿದ್ದು ಅದರ ಮೇಲೊಂದು ಪೆಟ್ಟು.

ಮೂರನೆಯದು ಯಾರ ಕೈಯಲ್ಲೂ ಇಲ್ಲದ್ದು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್. ಮಂಡ್ಯದವರಿಗೆ ಎಥನಾಲ್ ಹೊಸ ಮಾತಲ್ಲ. ಕಬ್ಬಿನಿಂದ ಆಗುವುದರ ಲೆಕ್ಕ ಗದ್ದೆಯ ಬದುವಿನಲ್ಲೇ ನಡೆಯುತ್ತದೆ. ರೈತನಿಗೆ ಅದರಿಂದ ಕಾಸು ಬರಲಿ ಎಂಬುದು ನನ್ನ ಆಸೆ ಕೂಡ. ಆದರೆ ಎಂಜಿನ್ನಿನ ಲೆಕ್ಕ ಬೇರೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಎರಡೂ ಬೆರೆತ ಇ20ಕ್ಕೆ ಹದಿಮೂರುವರೆ ಆಸುಪಾಸು. ಇಂದಿನ ಇಂಜೆಕ್ಷನ್ ಗಾಡಿ ಅದನ್ನು ಸೆನ್ಸರಿನಿಂದ ತಿಳಿದುಕೊಂಡು ಇಂಧನ ಹೆಚ್ಚಿಸಿಕೊಳ್ಳುತ್ತದೆ. 1991ರ ಕಾರ್ಬೋರೇಟರಿಗೆ ಆ ವಿದ್ಯೆ ಇಲ್ಲ. ಮೊದಲಿನ ಜೆಟ್ಟಿನಲ್ಲೇ ಓಡಿಸಿದರೆ ನೂರಕ್ಕೆ ಏಳೆಂಟು ಪಾಲು ಇಂಧನ ಕೊರತೆ ಬೀಳುತ್ತದೆ. ಸೀಲ್ ಸರಿಯಿದ್ದ ಎಂಜಿನ್ ಅದನ್ನು ಹೇಗೋ ತಡೆದುಕೊಂಡೀತು. ಇದಕ್ಕೆ ಎಲ್ಲವೂ ಒಟ್ಟಿಗೆ ಬಂತು.

ಬೋರ್ ಉಳಿಸಿಕೊಂಡದ್ದು

ಬ್ಲಾಕ್ ಬಿಚ್ಚಿ ಹಿರಿಯರ ಬಳಿಗೆ ಒಯ್ದೆವು. ಕೊನೆಯ ಬೋರಿಗೆ ಹೋಗಲೇಬೇಕೇನೋ ಅಂತ ಹುಡುಗ ಮುಖ ಸಣ್ಣ ಮಾಡಿಕೊಂಡಿದ್ದ. ಅವರು ಬೆರಳ ಉಗುರನ್ನು ಬೋರಿನ ಮೈಮೇಲೆ ಅಡ್ಡ ಎಳೆದರು. "ಇದು ಗೀರಲ್ಲ, ಪಿಸ್ಟನ್ ಅಂಟ್ಕೊಂಡಿರೋದು," ಅಂದರು.

ಬೋರಿನ ಒಳಮೈ ಎರಕದ ಕಬ್ಬಿಣ, ಪಿಸ್ಟನ್ ಅಲ್ಯುಮಿನಿಯಂ. ಸೀಜ್ ಆದಾಗ ಮೆತ್ತನೆಯ ಅಲ್ಯುಮಿನಿಯಂ ಕರಗಿದಂತಾಗಿ ಕಬ್ಬಿಣಕ್ಕೆ ಮೆತ್ತಿಕೊಳ್ಳುತ್ತದೆ. ಕಣ್ಣಿಗೆ ಬೋರೇ ಹರಿದಂತೆ ಕಾಣುತ್ತದೆ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಅವರು ಕೈಗವಸು, ಕನ್ನಡಕ ಹಾಕಿಕೊಂಡು, ಅಂಗಡಿಯ ಹೊರಗೆ ಬಯಲಿನಲ್ಲಿ, ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಆ ಕಲೆಗಳ ಮೇಲಷ್ಟೇ ದ್ರಾವಣ ಒತ್ತಿದರು. ಬ್ಲಾಕಿನ ಹೊರಗಿನ ರೆಕ್ಕೆಗಳೂ ಅಲ್ಯುಮಿನಿಯಂ ಆದ್ದರಿಂದ ಒಂದು ಹನಿಯೂ ಅತ್ತ ಬೀಳಬಾರದು. ಆಗ ಏಳುವ ಗುಳ್ಳೆ ಹೈಡ್ರೋಜನ್. ಹತ್ತಿರದಲ್ಲಿ ಬೀಡಿ, ಬೆಂಕಿ ಏನೂ ಇರಕೂಡದು. ಗುಳ್ಳೆ ನಿಂತಾಗ ಅಲ್ಯುಮಿನಿಯಂ ಮುಗಿದಿದೆ ಎಂದು ಅರ್ಥ. ಧಾರಾಳ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿ, ಹಗುರವಾಗಿ ಹೋನಿಂಗ್ ಮಾಡಿದರು, ಅಂದರೆ ಒಳಮೈಯನ್ನು ಸಾಣೆಕಲ್ಲಿನಿಂದ ಉಜ್ಜಿದರು. ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಅಳೆದಾಗ 50.75ರ ಹೊಸ ಪಿಸ್ಟನ್‌ಗೆ ಸಂದು ಮಿತಿಯೊಳಗೇ ಬಂತು.

ಹೀಗೆ 51.00 ಮುಟ್ಟದೆ ಉಳಿಯಿತು. ಎಲ್ಲ ಸೀಜ್‌ಗೂ ಈ ಅದೃಷ್ಟ ಇರುವುದಿಲ್ಲ. ಉಗುರಿಗೆ ಸಿಕ್ಕುವ ಆಳದ ಗೀರಿದ್ದರೆ ಕೊರೆಯಲೇಬೇಕು. ಆದರೆ ತೊಳೆದು ಅಳೆಯದೆ ನೇರವಾಗಿ ಬೋರಿಂಗ್ ಮಿಶನ್‌ಗೆ ಏರಿಸುವ ರೂಢಿ ಎಷ್ಟು ಒಳ್ಳೆಯ ಬ್ಲಾಕುಗಳನ್ನು ಮುಗಿಸಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಜೋಡಿಸುವಾಗ ಎಂಜಿನ್ ಬಿಚ್ಚಿ ಎರಡೂ ಕಡೆ ಹೊಸ ಸೀಲ್ ಹಾಕಿದೆವು. ಬಲಗಡೆಯದೂ ಅಷ್ಟೇ ವಯಸ್ಸಿನದು, ಅದನ್ನು ಬಿಡುವುದರಲ್ಲಿ ಅರ್ಥವಿರಲಿಲ್ಲ. ಜೋಡಿಸಿದ ಮೇಲೆ ಮತ್ತೆ ಬಿಪಿ ಬಲ್ಬು. ಮುಳ್ಳು ನಿಂತಲ್ಲೇ ನಿಂತಿತು. ನೀಡಲ್ ಕ್ಲಿಪ್ ಹಳೆಯ ಗೀರಿಗೆ ಬಂತು. ಟ್ಯಾಂಕಿನ ಬೆರಕೆ ಪೆಟ್ರೋಲ್ ಖಾಲಿ ಮಾಡಿ ಬರೀ ಪೆಟ್ರೋಲ್ ಹಾಕಿಸಿ, ಎಣ್ಣೆಯ ಕೆಲಸವನ್ನು ಪಂಪಿಗೇ ಬಿಟ್ಟೆವು. ಇ20ಗಾಗಿ ಮೇನ್ ಜೆಟ್ಟನ್ನು ಮೊದಲು ಒಂದು ಸೈಜ್, ಪ್ಲಗ್ ಇನ್ನೂ ಬೆಳ್ಳಗೆ ತೋರಿದಾಗ ಇನ್ನೊಂದು ಸೈಜ್ ಹೆಚ್ಚಿಸಿದೆವು. ಪ್ಲಗ್ ನೋಡುವುದಕ್ಕೂ ಕ್ರಮವಿದೆ: ಜೋರಾಗಿ ಓಡುತ್ತಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಬಿಚ್ಚಬೇಕು. ಮನೆಗೆ ಬಂದು ಐಡಲಿಂಗ್‌ನಲ್ಲಿ ನಿಲ್ಲಿಸಿ ಬಿಚ್ಚಿದ ಪ್ಲಗ್ ಹೇಳುವುದು ಐಡಲಿಂಗಿನ ಕಥೆ ಮಾತ್ರ.

ಓಡಿಸುವ ಬಗೆಯಲ್ಲೂ ಒಂದೆರಡು ಬದಲಾವಣೆ. ಒಂದೇ ವೇಗದಲ್ಲಿ ಮೈಲಿಗಟ್ಟಲೆ ಎಳೆಯುವುದಿಲ್ಲ, ನಡುನಡುವೆ ಆಕ್ಸಿಲರೇಟರ್ ಏರಿಳಿಸುತ್ತಾನೆ. ಚಾಮುಂಡಿ ಬೆಟ್ಟ ಇಳಿಯುವಾಗ ಬರೀ ಎಂಜಿನ್ ಬ್ರೇಕ್ ನಂಬದೆ ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೈಸ್ ಕೊಡುತ್ತಾನೆ, ಪಿಸ್ಟನ್‌ಗೆ ಎಣ್ಣೆ, ಪೆಟ್ರೋಲ್ ಸಿಗಲಿ ಎಂದು. ವಾರಗಟ್ಟಲೆ ಓಡಿಸದಿದ್ದರೆ ಕಾರ್ಬೋರೇಟರಿನ ಬಟ್ಟಲು ಖಾಲಿ ಮಾಡುತ್ತಾನೆ, ಎಥನಾಲ್ ತೇವ ಹೀರಿಕೊಳ್ಳುವುದರಿಂದ.

ಕಾಗದಪತ್ರದ ವಿಷಯ ಚಿಕ್ಕದು. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು, ಅದಕ್ಕೆ ಗಾಡಿ ಓಡುವ ಸ್ಥಿತಿಯಲ್ಲಿರಬೇಕು. ವಿಂಟೇಜ್ ಅಂತ ಬೇರೆ ನೋಂದಣಿ ಮಾಡಿಸಬಹುದಲ್ಲ ಅಂತ ಹಲವರು ಕೇಳುತ್ತಾರೆ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ತುಂಬಿರಬೇಕು. ಅತಿ ಹಳೆಯ ಆರ್‌ಎಕ್ಸ್ 100ಕ್ಕೂ ಆ ಅರ್ಹತೆ 2035ಕ್ಕೆ ಮೊದಲು ಬರುವುದಿಲ್ಲ.

ಗಾಡಿ ಈಗ ಮಂಡ್ಯದಲ್ಲಿದೆ. ಹೊಸ ಪಿಸ್ಟನ್ ಪಳಗಲು ನಿಧಾನವಾಗಿ ಓಡಿಸುವ ರನ್ನಿಂಗ್ ಇನ್ ಮುಗಿದಿದೆ. ಬಿಸಿಯಾದ ಮೇಲೂ ಆಕ್ಸಿಲರೇಟರ್ ಬಿಟ್ಟ ಕೂಡಲೇ ರೈಸ್ ಇಳಿಯುತ್ತದೆ. ಕಳೆದ ವಾರ ಮೇಲುಕೋಟೆಗೆ ಹೋಗಿಬಂದು ಪ್ಲಗ್‌ನ ಫೋಟೋ ಕಳಿಸಿದ್ದ, ತಿಳಿಗಂದು ಬಣ್ಣ. ಆಯಿಲ್ ಪಂಪಿನ ಕೇಬಲ್ ಮಾತ್ರ ಇನ್ನೂ ಹಳೆಯದೇ ಇದೆ, ಅದನ್ನು ದಸರಾಕ್ಕೆ ಮೊದಲು ಬದಲಾಯಿಸಿ ಪುಲ್ಲಿಯ ಗುರುತು ಮತ್ತೆ ಹೊಂದಿಸಬೇಕು.